ನೆರಳಿನ ಅಂಚಿಗೆ ನೀರು

ಬೆಳಗಿನ ಐದೂವರೆ. ಅಂಗಳ ಗುಡಿಸಬೇಕೆಂದು ಪೊರಕೆ ಹಿಡಿದು ನಿಂತಿದ್ದೇನೆ, ಗುಡಿಸಲು ಮನಸ್ಸು ಬರುತ್ತಿಲ್ಲ. ರಾತ್ರಿಯಿಡೀ ಉದುರಿದ ಹಳದಿ ಹೂವು ಕಲ್ಲುಹಾಸಿನ ಮೇಲೆ ಒತ್ತಾಗಿ ಕೂತಿದೆ. ಊರಲ್ಲಿ ಚಾಪೆಯ ಮೇಲೆ ಕಡಲೆಬೇಳೆ ಒಣಹಾಕುತ್ತಾರಲ್ಲ, ಹಾಗೆ. ಒಂದು ಹೂವನ್ನೆತ್ತಿ ಅಂಗೈ ಮೇಲಿಟ್ಟುಕೊಂಡೆ. ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು. ಐದು ದಳ. ನಾಲ್ಕು ಅಚ್ಚ ಹಳದಿ, ಐದನೆಯದರಲ್ಲಿ ಮಾತ್ರ ಕುಂಕುಮದ ಸಣ್ಣ ಚುಕ್ಕೆಗಳು. ಮುಟ್ಟಿದರೆ ಬಾಡುವಷ್ಟು ಮೃದು. ಇಂಥ ಹೂವನ್ನು ಈ ನೆಲ ಹೆರುತ್ತದೆ ಎಂದು ಯಾರಾದರೂ ಹೇಳಿದ್ದರೆ, ಇಲ್ಲಿಗೆ ಬಂದ ಹೊಸದರಲ್ಲಿ ನಾನು ನಂಬುತ್ತಿರಲಿಲ್ಲ.

ಇಲ್ಲಿ ಐದೂವರೆಯಾದರೆ ಚಳ್ಳಕೆರೆ ಹತ್ತಿರದ ನಮ್ಮೂರಲ್ಲಿ ಸಂಜೆ ಆರು. ಅಪ್ಪ ಹಟ್ಟಿಗೆ ದನ ಕಟ್ಟಿ ಜಗಲಿಗೆ ಬಂದು ಕೂರುವ ಹೊತ್ತು. ದಿನವೂ ಫೋನು ಬರುತ್ತದೆ. ಏಪ್ರಿಲ್ ತಿಂಗಳಲ್ಲಿ ಅವರ ಮೊದಲ ಮಾತು ಒಂದೇ: "ಹೂ ಬಿಟ್ಟೈತೇನವ್ವಾ?"

ಮರದ ಹೆಸರು ಪಾಲೊ ವರ್ಡೆ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಹಸಿರು ಕೋಲು. ಅಮೆರಿಕದ ಅರಿಜೋನಾ ರಾಜ್ಯ 1954ರಲ್ಲಿ ಇದನ್ನು ತನ್ನ ರಾಜ್ಯವೃಕ್ಷವೆಂದು ಆರಿಸಿಕೊಂಡಿತು. ನಾನಿರುವುದು ಫೀನಿಕ್ಸ್ ಪಕ್ಕದ ಚಾಂಡ್ಲರ್ ಊರಿನಲ್ಲಿ, ಸೊನೋರಾ ಮರುಭೂಮಿಯ ನಡುವೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 7 ಇಂಚು. ಮಳೆಗಾಗಿ ಆಕಾಶ ನೋಡುತ್ತಲೇ ಬೆಳೆದ ಬಯಲುಸೀಮೆಯವಳಿಗೂ ಈ ಲೆಕ್ಕ ಎದೆ ಒಣಗಿಸುವಂಥದ್ದು.

ಮರಕ್ಕೆ ಹಸಿರು ಕೋಲೆಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅದರ ಕಾಂಡ, ಕೊಂಬೆ, ರೆಂಬೆ ಎಲ್ಲವೂ ಹಸಿರು. ಬೇರೆ ಮರಗಳಿಗೆ ಎಲೆಯೇ ಅಡುಗೆಮನೆ. ಇದರ ತೊಗಟೆಯಲ್ಲೂ ಒಲೆ ಉರಿಯುತ್ತದೆ. ಎಲೆಗಳೋ, ನಮ್ಮ ಜಾಲಿಯ ಎಲೆಗಿಂತ ಸಣ್ಣವು. ಬರ ಬಂದಾಗ ಮರ ಮೊದಲು ಅವನ್ನೇ ಉದುರಿಸಿಬಿಡುತ್ತದೆ, ಎಲೆಯಿಂದ ನೀರು ಆವಿಯಾಗಿ ಹೋಗದಿರಲಿ ಎಂದು. ಆಮೇಲೆ ಬರಿಯ ತೊಗಟೆಯಲ್ಲಿ ಬಿಸಿಲನ್ನು ಉಂಡು ಬದುಕುತ್ತದೆ. ಬರ ಇನ್ನೂ ಬಿಗಿಯಾದರೆ ಒಂದು ಕೊಂಬೆಯನ್ನೇ ಒಣಗಲು ಬಿಟ್ಟು ಉಳಿದದ್ದನ್ನು ಕಾಯುತ್ತದೆ. ಬೆಟ್ಟದ ಕಲ್ಲುಗಳ ನಡುವೆ ಬೆಳೆಯುವುದು ಒಂದು ಜಾತಿ, ಮಳೆ ಬಂದಾಗ ಮಾತ್ರ ಹರಿಯುವ ಹಳ್ಳಗಳ ದಡದಲ್ಲಿ ಬೆಳೆಯುವುದು ಇನ್ನೊಂದು. ನಮ್ಮ ಮನೆ ಮುಂದಿರುವುದು ಮಿಶ್ರತಳಿ. ಟೂಸಾನ್ ಬಳಿಯ ಅರಿಜೋನಾ-ಸೊನೋರಾ ಡೆಸರ್ಟ್ ಮ್ಯೂಸಿಯಂನಲ್ಲಿ ಮಾರ್ಕ್ ಡಿಮಿಟ್ ಎಂಬ ಸಸ್ಯವಿಜ್ಞಾನಿ ಗುರುತಿಸಿ ಆರಿಸಿದ್ದು. ಮುಳ್ಳಿಲ್ಲ, ಹೂವು ದೊಡ್ಡದು, ಬೆಳವಣಿಗೆ ಬೇಗ. ಆ ಮ್ಯೂಸಿಯಂನ ಹೆಸರೇ ತಳಿಯ ಹೆಸರೂ ಆಗಿದೆ.

ಇದು ಈ ಅಂಗಳದ ಎರಡನೆಯ ಮರ. ಮೊದಲನೆಯದು ಬಿತ್ತು. ಅದನ್ನು ಬೀಳಿಸಿದ್ದು ನಾನೇ, ಪ್ರೀತಿಯಿಂದ.

2015ರ ಅಕ್ಟೋಬರಿನಲ್ಲಿ ಅದನ್ನು ನೆಟ್ಟಿದ್ದೆ. ಗುಂಡಿಗೆ ಚೀಲಗಟ್ಟಲೆ ಗೊಬ್ಬರ ಸುರಿದೆ. ನರ್ಸರಿಯವರು ಸಸಿಯ ಜೊತೆಗೇ ಬಿಗಿದು ಕಟ್ಟಿದ್ದ ಗೂಟವನ್ನು ಆಸರೆಯಿರಲೆಂದು ಹಾಗೇ ಬಿಟ್ಟೆ. ಡ್ರಿಪ್ ಪೈಪನ್ನು ಬುಡಕ್ಕೆ ತಾಗಿಸಿಟ್ಟು, ಟೈಮರಿನಲ್ಲಿ ದಿನಕ್ಕೆ ಹತ್ತು ನಿಮಿಷ ಎಂದು ಒತ್ತಿದೆ. ಬರದ ಸೀಮೆಯಲ್ಲಿ ಬೆಳೆದವಳಿಗೆ ಗುಂಡಿ ಒತ್ತಿದರೆ ನೀರು ಬರುತ್ತದೆ ಎನ್ನುವುದೇ ದೊಡ್ಡ ಸಂಭ್ರಮ. ಗಿಡ ಸರಸರನೆ ಎದ್ದಿತು. ಎರಡೂವರೆ ವರ್ಷದೊಳಗೆ ಸೂರು ದಾಟಿತು. ದಿನವೂ ಕಚೇರಿಗೆ ಹೊರಡುವಾಗ ಅದರ ಬುಡದ ಒದ್ದೆ ಮಣ್ಣು ಕಂಡರೆ ಏನೋ ನೆಮ್ಮದಿ. ಆ ನೆಮ್ಮದಿ ಗಿಡದ್ದೋ ನನ್ನದೋ ಎಂದು ಆಗ ಕೇಳಿಕೊಂಡಿರಲಿಲ್ಲ.

ಇಲ್ಲಿಯೂ ಮುಂಗಾರಿದೆ. ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಅದರ ಕಾಲ. ಮಳೆಗಿಂತ ಮುಂಚೆ ಬರುವುದು ದೂಳು. 2011ರ ಜುಲೈ 5ರಂದು ಹೆಚ್ಚುಕಡಿಮೆ ಒಂದು ಮೈಲಿ ಎತ್ತರದ ದೂಳಿನ ಗೋಡೆ ಫೀನಿಕ್ಸ್ ನಗರವನ್ನು ನುಂಗಿತ್ತು. ಹಳಬರು ಈಗಲೂ ಅದನ್ನು ನೆನೆಯುತ್ತಾರೆ. ನಮ್ಮ ಮರ ಬಿದ್ದ 2018ರ ಜುಲೈ ರಾತ್ರಿಯ ಗಾಳಿ ಅಷ್ಟು ದೊಡ್ಡದೇನೂ ಆಗಿರಲಿಲ್ಲ. ಆಷಾಢದಲ್ಲಿ ನಮ್ಮೂರಲ್ಲಿ ಬೀಸುವಂಥದ್ದೇ. ಬೆಳಿಗ್ಗೆ ಬಾಗಿಲು ತೆಗೆದರೆ ಮರ ಪಕ್ಕಕ್ಕೆ ಮಲಗಿತ್ತು.

ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ಬೇರು ನೋಡಿದೆ. ಆ ನೋಟ ಇವತ್ತಿಗೂ ಕಣ್ಣಿಂದ ಹೋಗಿಲ್ಲ. ಬೇರೆಲ್ಲ ಕುಂಡದ ಆಕಾರದಲ್ಲೇ ಇತ್ತು. ಮೂರು ವರ್ಷದ ಹಿಂದೆ ಕುಂಡದಲ್ಲಿ ಹೇಗೆ ಸುತ್ತಿಕೊಂಡಿತ್ತೋ ಹಾಗೇ, ಹಗ್ಗದ ಸಿಂಬಿಯಂತೆ. ಹೊಸದಾಗಿ ಹುಟ್ಟಿದ ನಾರುಬೇರುಗಳೂ ಡ್ರಿಪ್ಪಿನ ಹನಿ ಬೀಳುವ ಒಂದು ಮೊಳದ ಜಾಗದಲ್ಲೇ ಗಿಜಿಗಿಜಿ ಎಂದು ಸೇರಿದ್ದವು. ಅದರಾಚೆಯ ಒಣ ಮಣ್ಣಿಗೆ ಒಂದು ಬೇರೂ ಕಾಲಿಟ್ಟಿರಲಿಲ್ಲ. ಇಡಬೇಕಾದ ಅಗತ್ಯವೇ ಬೀಳದಂತೆ ನಾನು ನೋಡಿಕೊಂಡಿದ್ದೆ. ಕಾಂಡವೂ ಗೂಟಕ್ಕೆ ಒರಗಿಯೇ ಬೆಳೆದಿತ್ತು. ಗಾಳಿಗೆ ತೂಗಾಡಿದರೆ ತಾನೇ ಕಾಂಡದ ಬುಡ ದಪ್ಪವಾಗುವುದು. ಕಟ್ಟಿದ ಜಾಗದಲ್ಲಿ ತೊಗಟೆ ಸವೆದು ಗಾಯವಾಗಿತ್ತು.

ಅದೇ ವರ್ಷದ ಅಕ್ಟೋಬರಿನಲ್ಲಿ ಅಪ್ಪ ಬಂದರು, ಮೂರು ತಿಂಗಳಿಗೆಂದು. ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗ ರಸ್ತೆ ಬದಿಯ ಮೆಸ್ಕೀಟ್ ಮರಗಳನ್ನು ಕಂಡು, "ಇದು ನಮ್ಮ ಬಳ್ಳಾರಿ ಜಾಲಿ ಅಲ್ವೇನವ್ವಾ?" ಎಂದರು. ಒಂದೇ ನೋಟಕ್ಕೆ ಹಿಡಿದಿದ್ದರು. ನಮ್ಮ ಕೆರೆಯಂಗಳ, ಹಳ್ಳಕೊಳ್ಳಗಳನ್ನೆಲ್ಲ ಆವರಿಸಿಕೊಂಡಿರುವ ಬಳ್ಳಾರಿ ಜಾಲಿಯ ಮೂಲ ಅಮೆರಿಕ ಖಂಡ. ಮೆಸ್ಕೀಟ್ ಅದರ ಒಡಹುಟ್ಟು. ಪಾಲೊ ವರ್ಡೆಯ ಹತ್ತಿರದ ಬಂಧುವೊಂದು ಕೂಡ ಹೀಗೇ ಬಂದು ದಖ್ಖನಿನ ಒಣನೆಲದ ಬೇಲಿಗಳಲ್ಲಿ ನೆಲೆಸಿದೆ. ಹಳದಿ ಹೂವು, ಮುಳ್ಳು, ದಾರದಂತೆ ಇಳಿಬಿದ್ದ ಉದ್ದನೆಯ ಎಲೆ. ಅಪ್ಪನಿಗೆ ಈ ಮರುಭೂಮಿ ಪರದೇಶ ಅನ್ನಿಸಲೇ ಇಲ್ಲ.

ಎರಡನೆಯ ಸಸಿಯನ್ನು ನೆಟ್ಟವರು ಅವರು. ಹಾರೆ ಬೇಕು ಎಂದರು, ಅಂಗಡಿಯಿಂದ ತಂದುಕೊಟ್ಟೆ. ಎರಡಡಿ ಅಗೆಯುವಷ್ಟರಲ್ಲಿ ಹಾರೆ ಠಣ್ ಎಂದಿತು. ಕೆಳಗೆ ಸುಣ್ಣದ ಬಿಳಿ ಪದರ, ಗಾರೆ ಹಾಕಿದಷ್ಟು ಗಟ್ಟಿ. ಈ ಭಾಗದ ನೆಲದಲ್ಲಿ ಬಹಳ ಕಡೆ ಇದು ಇದೆ. ಇಲ್ಲಿನವರು ಕಲೀಚಿ ಎನ್ನುತ್ತಾರೆ. ಅಪ್ಪ ಗುಂಡಿಗೆ ನೀರು ತುಂಬಿಸಿ, "ನಾಳೆ ನೋಡಾಣ" ಎಂದು ಕೈ ತೊಳೆದುಕೊಂಡರು. ಮರುದಿನ ಬೆಳಿಗ್ಗೆ ಗುಂಡಿಯಲ್ಲಿ ಗೇಣುದ್ದ ನೀರು ಇನ್ನೂ ನಿಂತಿತ್ತು. ಅದನ್ನು ಮೊಗೆದು ಹಾಕಿ, ಆ ಪದರಕ್ಕೆ ಹಾರೆಯಿಂದ ತೂತು ಹೊಡೆದರು. ಅರ್ಧ ದಿನದ ಕೆಲಸ. ಎಪ್ಪತ್ತು ದಾಟಿದವರಿಗೆ ಬೇಡವೆಂದರೂ ಕೇಳಲಿಲ್ಲ. "ನೀರು ಇಳಿಯೋ ದಾರಿ ಇಲ್ದಿದ್ರೆ ಬೇರು ಕೊಳೀತೈತೆ. ಬರದ ಗಿಡಕ್ಕೆ ಒಣಗೋದು ಗೊತ್ತು, ಕೊಳೆಯೋದು ಗೊತ್ತಿಲ್ಲ."

ಗೊಬ್ಬರದ ಚೀಲವನ್ನು ದೂರ ಇಡಿಸಿದರು. ತೆಗೆದ ಮಣ್ಣನ್ನೇ ಹೆಂಟೆ ಒಡೆದು ಮತ್ತೆ ತುಂಬಿದರು. ಗುಂಡಿ ಕುಂಡಕ್ಕಿಂತ ಆಳವಾಗಿರಲಿಲ್ಲ, ಅಗಲ ಮಾತ್ರ ಮೂರು ಪಟ್ಟು. ಸುತ್ತಿಕೊಂಡಿದ್ದ ಬೇರುಗಳನ್ನು ಕೂದಲಿನ ಸಿಕ್ಕು ಬಿಡಿಸುವ ಹಾಗೆ ಬೆರಳಲ್ಲಿ ಬಿಡಿಸಿ ಹೊರಮುಖ ಮಾಡಿಟ್ಟರು. ಬಿಡಿಸಲಾಗದ್ದನ್ನು ಕತ್ತರಿಸಿದರು. ನರ್ಸರಿಯ ಗೂಟ ಕಿತ್ತು, ಎರಡು ಬದಿಗೆ ದೂರದಲ್ಲಿ ಎರಡು ಗೂಟ ನೆಟ್ಟು, ಹಳೆಯ ಪಂಚೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿದರು. ಗಿಡ ಗಾಳಿಗೆ ಒಂದು ಗೇಣಾದರೂ ಆಚೆ ಈಚೆ ಆಡಬೇಕು ಎಂಬುದು ಅವರ ಅಳತೆ.

ಆಮೇಲೆ ಡ್ರಿಪ್ ನೋಡಿದರು. ಬುಡದ ಸುತ್ತ ನೀರು ಆವಿಯಾಗಿ ಉಳಿದ ಬಿಳಿಯ ಪುಡಿಯನ್ನು ಬೆರಳಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿಕೊಂಡು, "ಸವಳು" ಎಂದರು. ಇಲ್ಲಿನ ನೀರಿನಲ್ಲಿ ಲವಣ ಜಾಸ್ತಿ. ದಿನಾ ಮೇಲೆ ಮೇಲೆ ಸ್ವಲ್ಪ ಹಾಕಿದರೆ ನೀರು ಹಾರಿಹೋಗಿ ಉಪ್ಪು ಬೇರಿನ ಹತ್ತಿರವೇ ಉಳಿಯುತ್ತದೆ. ತುಂಬ ಬಿಟ್ಟರೆ ಅದು ಉಪ್ಪನ್ನೂ ಎಳೆದುಕೊಂಡು ಕೆಳಗಿಳಿಯುತ್ತದೆ. "ದಿನಾ ಚೊಂಬು ಕೊಡಬ್ಯಾಡ. ತಡೆದು ತಡೆದು ಹಂಡೆಗಟ್ಲೆ ಕೊಡು. ಬುಡಕ್ಕೇ ಬಿಟ್ರೆ ಬೇರು ಯಾಕೆ ಆಚೆ ಹೋಗ್ತೈತೆ? ನೆರಳು ಎಲ್ಲಿಗೆ ಮುಗೀತೈತೋ ಅಲ್ಲಿಗೆ ಬಿಡು."

ನೆರಳಿನ ಅಂಚು. ಆಮೇಲೆ ಇಲ್ಲಿನ ವಿಶ್ವವಿದ್ಯಾಲಯದ ಕೃಷಿ ವಿಸ್ತರಣೆಯವರ ಬರಹಗಳನ್ನು ಓದಿದಾಗ ಅವರೂ ಅದನ್ನೇ ಹೇಳಿದ್ದರು. ನೀರು ಕೊಂಬೆಗಳ ಅಂಚಿನ ಕೆಳಗೆ ಬೀಳಬೇಕು, ಮರ ದೊಡ್ಡದಾದಂತೆ ಪೈಪೂ ಹೊರಕ್ಕೆ ಸರಿಯಬೇಕು, ಎರಡರಿಂದ ಮೂರು ಅಡಿ ಆಳದವರೆಗೆ ಮಣ್ಣು ನೆನೆಯಬೇಕು. ಆಳ ನೋಡಲು ಒಂದು ಕಬ್ಬಿಣದ ಸರಳು ಸಾಕು. ನೀರು ಬಿಟ್ಟ ಮರುದಿನ ಅದನ್ನು ಒತ್ತಿದರೆ ಒದ್ದೆಯಿರುವಷ್ಟು ದೂರ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ, ಒಣ ಮಣ್ಣು ಸಿಕ್ಕಿದಲ್ಲಿ ನಿಲ್ಲುತ್ತದೆ. ಮೊದಲ ಕೆಲವು ವಾರ ಎರಡು ಮೂರು ದಿನಕ್ಕೊಮ್ಮೆ ನೀರು. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ. ಮೂರು ವರ್ಷ ಕಳೆದು ಬೇರೂರಿದ ಮೇಲೆ ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ, ಚಳಿಗಾಲದಲ್ಲಿ ತಿಂಗಳು ಎರಡು ತಿಂಗಳಿಗೊಮ್ಮೆ. ಟೈಮರನ್ನು ನಾನು ತೆಗೆದೇಬಿಟ್ಟೆ. ಈಗ ಪೈಪಿನಲ್ಲಿ ಸಣ್ಣಗೆ ನೀರು ಬಿಟ್ಟು, ತಾಸಿಗೊಮ್ಮೆ ಎದ್ದು ನೆರಳಿನ ಅಂಚಿನುದ್ದಕ್ಕೂ ಸರಿಸುತ್ತ ಹೋಗುತ್ತೇನೆ. ಒಂದು ಸುತ್ತು ಮುಗಿಯಲು ಒಂದು ಬೆಳಗು ಬೇಕು.

ಹೇಳುವುದು ಸುಲಭ. ನೀರು ಕೊಡುವುದಕ್ಕಿಂತ ಕೊಡದೆ ಇರುವುದು ಕಷ್ಟ ಎಂದು ನನಗೆ ಗೊತ್ತಾದದ್ದು ಮೊದಲ ಜೂನ್‌ನಲ್ಲಿ. ಸಸಿಯ ಎಲೆಗಳೆಲ್ಲ ಒಂದೊಂದಾಗಿ ಉದುರಿದವು. ಪೈಪು ಕೈಯಲ್ಲಿ ಹಿಡಿದು ಅದರೆದುರು ನಿಂತವಳು ಎಷ್ಟೋ ಹೊತ್ತು ನಲ್ಲಿ ತಿರುಗಿಸಲೂ ಆಗದೆ, ಒಳಗೆ ಹೋಗಲೂ ಆಗದೆ ನಿಂತಿದ್ದೆ. ಕೊನೆಗೆ ಸರಳು ತಂದು ಒತ್ತಿದೆ. ಒಂದೂವರೆ ಅಡಿ ಇಳಿಯಿತು. ಕೆಳಗೆ ತೇವ ಇತ್ತು. ರೆಂಬೆಯನ್ನು ಬಾಗಿಸಿ ನೋಡಿದೆ, ಬಳುಕಿತು, ಹಸಿರಾಗಿತ್ತು. ಗಿಡ ತನ್ನ ಕೆಲಸ ತಾನು ಮಾಡುತ್ತಿತ್ತು. ಸಂಕಟವೆಲ್ಲ ನನ್ನದಾಗಿತ್ತು. ಆ ದಿನ ನಲ್ಲಿ ತಿರುಗಿಸಲಿಲ್ಲ. ಮಕ್ಕಳ ವಿಷಯದಲ್ಲಿ, ವಯಸ್ಸಾದ ತಂದೆತಾಯಿಯ ವಿಷಯದಲ್ಲಿ ನಾವು ಮಾಡುವ ಎಷ್ಟು ಉಪಚಾರ ಅವರ ಬಾಯಾರಿಕೆಗೆ, ಎಷ್ಟು ನಮ್ಮ ತಳಮಳಕ್ಕೆ ಎಂದು ಅಲ್ಲಿಂದೀಚೆಗೆ ಆಗಾಗ ಯೋಚಿಸುತ್ತೇನೆ. ಅಪ್ಪ ಊರಿಗೆ ಹಿಂದಿರುಗುತ್ತೇನೆ ಎಂದಾಗ ನಾನು ತಡೆಯಲಿಲ್ಲ. ಅವರ ಬೇರು ಇರುವ ಮಣ್ಣು ಯಾವುದು ಎಂದು ನನಗೆ ಗೊತ್ತಿತ್ತು.

ಹಾಗೆಂದು ಬರದ ಮರವನ್ನು ಅದರ ಪಾಡಿಗೆ ಬಿಟ್ಟುಬಿಡಬೇಕು ಎನ್ನುವವರ ಮಾತನ್ನೂ ನಾನು ಒಪ್ಪಲಾರೆ. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತು, ಇಲ್ಲವೇ ದಾಟಿತು. ನೂರು ವರ್ಷಕ್ಕೂ ಹೆಚ್ಚು ಬದುಕಬಲ್ಲ ಸವಾರೊ ಕಳ್ಳಿಗಳೇ ಕುಸಿದು ಬಿದ್ದವು. ಆ ಜುಲೈನಲ್ಲಿ ಹತ್ತು ದಿನಕ್ಕೊಮ್ಮೆ ರಾತ್ರಿ ಹೊತ್ತು ನೀರು ಬಿಟ್ಟೆ. ಎಷ್ಟು ದಿನಕ್ಕೊಮ್ಮೆ ಎನ್ನುವುದು ಕ್ಯಾಲೆಂಡರಿನಲ್ಲಿ ಇರುವುದಿಲ್ಲ, ಮಣ್ಣಿನಲ್ಲಿ ಇರುತ್ತದೆ. ದಿನವೂ ನೋಡಬೇಕು. ನೋಡಿ ಸುಮ್ಮನಿರುವುದೂ ಆರೈಕೆಯ ಒಂದು ಕೆಲಸ. ನೋಡದೆ ಸುಮ್ಮನಿರುವವರಿಗೆ ಆ ಹೆಸರು ಸಲ್ಲದು.

ಸವಾರೊ ಎಂದಾಗ ಒಂದು ಸಂಗತಿ ಹೇಳಬೇಕು. ಫೀನಿಕ್ಸ್‌ನ ಸೌತ್ ಮೌಂಟನ್ ಕಡೆ ನಡೆಯಲು ಹೋದಾಗ ಅಪ್ಪನಿಗೆ ಇದನ್ನು ತೋರಿಸಿದ್ದೆ. ಎಳೆಯ ಸವಾರೊ ಕಳ್ಳಿಗಳು ಬಯಲಲ್ಲಿ ಕಾಣಸಿಗುವುದು ಅಪರೂಪ. ಹುಡುಕಿದರೆ ಪಾಲೊ ವರ್ಡೆಯ ಬುಡದಲ್ಲೋ ಮೆಸ್ಕೀಟಿನ ಬುಡದಲ್ಲೋ ಅಡಗಿ ಕೂತಿರುತ್ತವೆ. ಮೊದಲ ಎಂಟು ವರ್ಷದಲ್ಲಿ ಈ ಕಳ್ಳಿ ಬೆಳೆಯುವುದು ಒಂದು, ಒಂದೂವರೆ ಇಂಚು. ಅಷ್ಟು ಪುಟ್ಟ ಜೀವವನ್ನು ಹಗಲ ಬೆಂಕಿಯಿಂದಲೂ ಚಳಿಗಾಲದ ಹಿಮದಿಂದಲೂ ಪ್ರಾಣಿಗಳ ಬಾಯಿಂದಲೂ ಮರ ಕಾಯುತ್ತದೆ. ಇಲ್ಲಿನ ವಿಜ್ಞಾನಿಗಳು ಇಂಥ ಮರಕ್ಕೆ ಇಟ್ಟಿರುವ ಹೆಸರು ದಾದಿ ಗಿಡ. ದಶಕಗಳು ಕಳೆದು ಕಳ್ಳಿ ಮರವನ್ನು ಮೀರಿ ಬೆಳೆದಾಗ, ಮೇಲ್ಮಣ್ಣಿನ ನೀರನ್ನೆಲ್ಲ ಅದರ ಬೇರುಗಳೇ ಮೊದಲು ಹೀರಿಕೊಳ್ಳುತ್ತವೆ. ಸಾಕಿದ ಮರ ಎಷ್ಟೋ ಸಲ ಒಣಗಿ ಸಾಯುತ್ತದೆ. ಎತ್ತರದ ಸವಾರೊ ಪಕ್ಕದಲ್ಲಿ ಒಣಗಿದ ಪಾಲೊ ವರ್ಡೆ ನಿಂತಿರುವುದು ಇಲ್ಲಿ ಸಾಮಾನ್ಯ ನೋಟ. ಅಪ್ಪ ಅಂಥದ್ದೊಂದರ ಮುಂದೆ ನಿಂತು ಒಣಗಿದ ಕಾಂಡದ ಮೇಲೆ ಕೈಯಾಡಿಸಿದರು. ಏನೂ ಮಾತಾಡಲಿಲ್ಲ. ನಾನೂ ಕೇಳಲಿಲ್ಲ.

ಬೆಳಕು ಹರಿಯಿತು. ಈಗ ಜೇನುಗಳು ಬರುತ್ತಿವೆ. ನೆಲದಲ್ಲಿ ಗೂಡು ತೋಡುವ ಬೂದುಬಣ್ಣದ ಒಂದು ಒಂಟಿ ಜೇನು ಇಲ್ಲಿದೆ. ಅದು ವರ್ಷದಲ್ಲಿ ಹೊರಬರುವ ಕಾಲವೂ ಪಾಲೊ ವರ್ಡೆ ಹೂ ಬಿಡುವ ಕಾಲವೂ ಒಂದೇ. ಇನ್ನು ಅರ್ಧ ಗಂಟೆಯಲ್ಲಿ ಮರ ಪೂರ್ತಿ ಗುಂಯ್‌ಗುಡುತ್ತದೆ. ಊರಲ್ಲಿ ಯುಗಾದಿಗೆ ಹೊಂಗೆ ಹೂ ಬಿಟ್ಟಾಗ ಅದರಡಿ ಕೂತರೆ ಕೇಳುವ ಸದ್ದೇ ಇದು. ಕಾಡಿನ ಪಾಲೊ ವರ್ಡೆಗಳಲ್ಲಿ ಹೂವಿನ ನಂತರ ಕಾಯಿ ಬರುತ್ತದೆ. ಈ ಮರುಭೂಮಿಯ ಮೂಲ ನಿವಾಸಿಗಳಾದ ಟೊಹೊನೊ ಓಧಮ್ ಜನ ಆ ಕಾಯಿಯ ಎಳೆಗಾಳನ್ನು ಹಸಿಯಾಗಿ ತಿನ್ನುತ್ತಿದ್ದರು, ಬಲಿತದ್ದನ್ನು ಒಣಗಿಸಿ ಬೀಸಿ ಹಿಟ್ಟು ಮಾಡುತ್ತಿದ್ದರು. ಬೆಟ್ಟದ ಪಾಲೊ ವರ್ಡೆಯ ಎಳೆಗಾಳನ್ನು ಒಮ್ಮೆ ಬಾಯಿಗೆ ಹಾಕಿ ನೋಡಿದ್ದೇನೆ. ಹಸಿ ಬಟಾಣಿಯಂತೆ ಸಿಹಿ.

ಹೋದ ವರ್ಷ ಆಗಸ್ಟಿನಲ್ಲಿ ಮರದ ಹತ್ತಿರ ಹೆಬ್ಬೆರಳು ಹೋಗುವಷ್ಟು ದೊಡ್ಡ ತೂತು ಕಂಡಿತು. ಬೇರು ತಿನ್ನುವ ದುಂಬಿ. ಅದರ ಹುಳು ಎರಡು ಮೂರು ವರ್ಷ ಬೇರಿನೊಳಗಿದ್ದು, ಮುಂಗಾರಿನ ಹೊತ್ತಿಗೆ ಮೂರಿಂಚು ಉದ್ದದ ಕಪ್ಪು ದುಂಬಿಯಾಗಿ ಹೊರಬರುತ್ತದೆ. ಔಷಧಿ ಹೊಡೆಸಿ ಎಂದು ಒಬ್ಬರು ಹೇಳಿದರು. ಹೊರಬಂದ ಮೇಲೆ ಹೊಡೆದು ಪ್ರಯೋಜನವಿಲ್ಲ. ಗಟ್ಟಿಮುಟ್ಟಾದ ಮರ ಅದನ್ನು ತಾಳಿಕೊಳ್ಳುತ್ತದೆ, ಸೊರಗಿದ ಮರ ಸೋಲುತ್ತದೆ. ಹೀಗಾಗಿ ನಾನು ಮಾಡಿದ್ದು ಸರಳು ತಂದು ಮಣ್ಣು ನೋಡಿದ್ದಷ್ಟೇ. ಕತ್ತರಿಯ ವಿಷಯದಲ್ಲೂ ಕೈ ಬಿಗಿ. ಬೀದಿಯಲ್ಲಿ ಕೆಲವರು ಈ ಮರವನ್ನು ಚೆಂಡಿನ ಹಾಗೆ ಕತ್ತರಿಸಿಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಕೆಳಗಿನ ಕೊಂಬೆ ತೆಗೆದರೆ ಕಾಂಡದ ತೆಳು ತೊಗಟೆಗೆ ಪಡುವಣ ಬಿಸಿಲು ನೇರ ಬಡಿದು ಸುಟ್ಟು ಬಿರಿಯುತ್ತದೆ. ಆ ಹಸಿರು ತೊಗಟೆಯೇ ಅದರ ಅನ್ನ.

ಈ ಊರಿನ ನಲ್ಲಿಯ ನೀರಿನಲ್ಲಿ ಒಂದು ಪಾಲು ಕೊಲೊರಾಡೊ ನದಿಯದು. 336 ಮೈಲಿ ಉದ್ದದ ಕಾಲುವೆ ಅದನ್ನು ಮರುಭೂಮಿಯ ಆಚೆ ದಡದಿಂದ ಹೊತ್ತು ತರುತ್ತದೆ. 2021ರ ಆಗಸ್ಟಿನಲ್ಲಿ ಆ ನದಿಯಲ್ಲಿ ನೀರಿನ ಕೊರತೆಯೆಂದು ಸರ್ಕಾರ ಮೊದಲ ಬಾರಿಗೆ ಅಧಿಕೃತವಾಗಿ ಸಾರಿತು. ಅಪ್ಪನ ಬೋರು ಎರಡು ಸಲ ಬತ್ತಿದೆ, ಶೇಂಗಾ ಬಿತ್ತಿದ ಹೊಲ ಮಳೆ ನೋಡುತ್ತ ಕೂತ ವರ್ಷಗಳನ್ನು ಎಣಿಸಿ ಮುಗಿಯದು. ಎರಡೂ ಕಡೆ ಈಗ ಒಂದೇ ಮಾತು. ಪೈಪು ಹಿಡಿದಾಗ ಆ ಕಾಲುವೆ ನನ್ನ ಕಣ್ಣ ಮುಂದೆ ಬರುತ್ತದೆ.

ಫೋನು ಬಂತು. ಹೂ ಬಿಟ್ಟಿದೆ ಅಪ್ಪಾ, ಅಂಗಳ ತುಂಬ ಬಿದ್ದಿದೆ ಎಂದೆ. "ಗುಡಿಸಬ್ಯಾಡ, ಬುಡದ ಸುತ್ತ ಹರಡಿಬಿಡು, ಮಣ್ಣು ತಣ್ಣಗಿರ್ತೈತೆ" ಎಂದರು.

ನಿಮ್ಮ ಮನೆ ಮುಂದೆಯೂ ಒಂದು ಎಳೆ ಮರವಿದ್ದರೆ, ಹೊಂಗೆಯಾಗಲಿ ಬೇವಾಗಲಿ, ಇವತ್ತು ಒಮ್ಮೆ ಅದರ ಹತ್ತಿರ ಹೋಗಿ. ಗೂಟಕ್ಕೆ ಕಟ್ಟಿದ ಹಗ್ಗ ತೊಗಟೆಯನ್ನು ಕೊರೆಯುತ್ತಿದ್ದರೆ ಸಡಿಲಿಸಿ. ನೀರಿನ ಪಾತಿಯನ್ನು ಬುಡದಿಂದ ಒಂದು ಮೊಳವಾದರೂ ಆಚೆಗೆ ಸರಿಸಿ.